ಮುಚ್ಚಿಟ್ಟ ಕಾಲಂ

ಬೆಂಗಳೂರಲ್ಲಿ ಲೇಆಫ್ ಸುದ್ದಿ ಎದ್ದಾಗಲೆಲ್ಲ ಏನು ಮಾಡಲಿ ಅಂತ ಸಲಹೆ ಕೇಳಿಕೊಂಡು ಒಬ್ಬರಾದರೂ ನನ್ನ ಹತ್ತಿರ ಬರುತ್ತಾರೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ವೈಟ್‌ಫೀಲ್ಡ್ ಕಡೆಯ ಒಬ್ಬ ಮ್ಯಾನೇಜರ್. ಕೆಲಸದಿಂದ ತೆಗೆಯುವವರ ಪಟ್ಟಿ ಅವರ ಕೈಲಿತ್ತು. ಗುಟ್ಟು ಬಿಡಲ್ಲ ಅಂತ ಸಹಿ ಹಾಕಿದ್ದರು. ಪಟ್ಟಿಯಲ್ಲಿ ಕಾಲೇಜು ದಿನಗಳ ಗೆಳೆಯನ ಹೆಸರೂ ಇತ್ತು. ಅವನೋ ಫ್ಲ್ಯಾಟ್‌ಗೆ ಅಡ್ವಾನ್ಸ್ ಕೊಡಲು ಹೊರಟಿದ್ದ. 'ಈಗ ಲೋನ್ ತಗೊಂಡ್ರೆ ಏನೂ ತೊಂದರೆ ಇಲ್ಲ ಅಲ್ವಾ ಮಗಾ?' ಅಂತ ಇವರನ್ನೇ ಕೇಳಿದ್ದ. 'ನೋಡೋಣ' ಅಂದು ಜಾರಿಕೊಂಡಿದ್ದರು.

ಎರಡನೇ ಸಲ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದರು. ಗೆಳೆಯನಿಗೆ ಹೇಳಬೇಕೋ ಬೇಡವೋ ಅಂತ ಎಕ್ಸೆಲ್ ಶೀಟಿನಲ್ಲಿ ಮೂರು ಸಾಲು, ಒಂದೊಂದಕ್ಕೂ ಒಬ್ಬ ತತ್ವಜ್ಞಾನಿ. ಬೆಂಥಮ್: ಜಾಸ್ತಿ ಜನಕ್ಕೆ ಒಳ್ಳೆಯದಾಗಬೇಕು, ಹೇಳಿದರೆ ಆಫೀಸಿಗೆಲ್ಲ ಗಾಬರಿ, ಸುಮ್ನಿರು. ಕಾಂಟ್: ಕೊಟ್ಟ ಮಾತು ಮುರಿಯಬೇಡ, ಸುಮ್ನಿರು. ಅರಿಸ್ಟಾಟಲ್: ವಿವೇಕಿ ದುಡುಕಲ್ಲ, ಸುಮ್ನಿರು.

'ಮೂವರೂ ಒಂದೇ ಹೇಳ್ತಿದ್ದಾರೆ ಮೇಡಂ. ಆದ್ರೂ ನಿದ್ದೆ ಬರ್ತಿಲ್ಲ.'

ಕಾಲಂಗಳ ಮೇಲೆ ಕಂಪನಿ, ಟೀಮ್, ಗೆಳೆಯ, ತೀರ್ಮಾನ ಅಂತ ಬರೆದಿತ್ತು. ಎ, ಬಿ, ಸಿ, ಡಿ ಆದ ಮೇಲೆ ನೇರ ಎಫ್. 'ಇ ಎಲ್ಲಿ?' ಅಂದೆ. ಅವರು ತಲೆ ಎತ್ತಲಿಲ್ಲ. ಆಮೇಲೆ ಅದನ್ನು ಬಿಡಿಸಿ ತೋರಿಸಿದರು. 'ನನ್ನ ಪ್ರಮೋಷನ್.'

ಅಲ್ಲಿಂದ ಮಾತು ಬೇರೆಯಾಯಿತು. ಬೆಂಥಮ್ ಲೆಕ್ಕದಲ್ಲಿ ಪ್ರಮೋಷನ್ ಬರಬಾರದು ಅಂತೇನಿಲ್ಲ. ನಿಮ್ಮದು ಅನ್ನೋ ಕಾರಣಕ್ಕೆ ಗೆಳೆಯನ ಇಎಂಐಗಿಂತ ಜಾಸ್ತಿ ತೂಗಬಾರದು, ಅಷ್ಟೆ. 1785ರಲ್ಲಿ ಕಾಂಟ್ ತಪ್ಪು ಅಂದಿದ್ದೇ ಈ ಚಾಳಿಯನ್ನು: ನಿಯಮ ಎಲ್ಲರಿಗೂ, ವಿನಾಯಿತಿ ನನಗೆ ಮಾತ್ರ. 1797ರ ಪ್ರಬಂಧದಲ್ಲಂತೂ ಗೆಳೆಯನನ್ನು ಕೊಲ್ಲಲು ಬಾಗಿಲಿಗೆ ಬಂದವನಿಗೂ ಸುಳ್ಳು ಹೇಳಬೇಡ ಅಂದ. (ಅದು ನನಗೆ ಅತಿ ಅನಿಸುತ್ತೆ.) ಅಂಥವನು 'ತೊಂದರೆ ಇಲ್ಲ, ತಗೋ ಮಗಾ' ಅನ್ನೋದಕ್ಕೆ ಒಪ್ತಾನಾ? ಅರಿಸ್ಟಾಟಲ್‌ಗೆ ಹುಂಬತನ ಮಾತ್ರ ಅಲ್ಲ, ಪುಕ್ಕಲುತನವೂ ತಪ್ಪು.

ನಾನು ಹೇಳಿದ್ದು ಇಷ್ಟು. ಪಟ್ಟಿಯ ವಿಷಯ ಎತ್ತಬೇಡಿ, ಸುಳ್ಳೂ ಹೇಳಬೇಡಿ. ಗೆಳೆಯನಿಗೆ ಬೇಗ ತಿಳಿಸಿ ಅಂತ ಮೊದಲು ಮೇಲಿನವರನ್ನು ಕೇಳಿ. ಅವರು ಒಪ್ಪದಿದ್ದರೆ ಅವನಿಗೆ, 'ಅಡ್ವಾನ್ಸ್ ಈಗ ಬೇಡ, ಕಾರಣ ಕೇಳಬೇಡ' ಅನ್ನಿ.

ಇದು ಗುಟ್ಟನ್ನು ಅರ್ಧ ಬಿಟ್ಟಂತೆ ಅಲ್ವಾ, ನಾವು ದಾರಿ ತೋರಿಸಬಹುದಾ ಅಂತ ಜೊತೆಯವರೊಬ್ಬರು ಆಕ್ಷೇಪ ತೆಗೆದರು. ಹೌದು, ಅರ್ಧ ಬಿಟ್ಟಂತೆಯೇ. ಸುಮ್ಮನೆ ತಲೆಯಾಡಿಸಿ ಕಳಿಸಿದ್ದರೆ ಅದೂ ಒಂದು ಸಲಹೆಯೇ ಆಗುತ್ತಿತ್ತು. ಗೆಳೆಯ ವರ್ಷಗಟ್ಟಲೆ ತೀರದ ಸಾಲಕ್ಕೆ ಬೀಳುವುದನ್ನು ನೋಡುತ್ತಾ ನಿಲ್ಲಬೇಕಾದಷ್ಟು ದೊಡ್ಡದಲ್ಲ ಕಂಪನಿಗೆ ಕೊಟ್ಟ ಮಾತು. ಇದು ನನ್ನ ನಂಬಿಕೆ ಅಂತ ಹೇಳಿಯೇ ಹೇಳಿದೆ, ಕೆಲಸಕ್ಕೆ ಕುತ್ತು ಬರಬಹುದು ಅಂತಲೂ ಹೇಳಿದೆ.

ನೀವೂ ಇಂಥ ಲೆಕ್ಕಕ್ಕೆ ಕೂತಾಗ ಎಲ್ಲ ದಾರಿಯೂ ನಿಮಗೆ ಬೇಕಾದ ಉತ್ತರವನ್ನೇ ಕೊಟ್ಟರೆ, ಏನು ಬಿಟ್ಟಿದ್ದೀರಿ ಅಂತ ಹುಡುಕಿ.

ಮೇಲಿನವರು ಪಟ್ಟಿ ತಿಳಿಸುವ ದಿನಾಂಕ ಬದಲಿಸಲಿಲ್ಲ. ಇವರು ಗೆಳೆಯನಿಗೆ ಫೋನ್ ಮಾಡಿದರು. ಅಡ್ವಾನ್ಸ್ ಉಳಿಯಿತು. 'ನೆಟ್ಟಗೆ ಹೇಳೋಕೆ ಏನಾಗಿತ್ತು?' ಅಂತ ಅವನಿಗೆ ಇವರ ಮೇಲೆ ಇನ್ನೂ ಸಿಟ್ಟಿದೆಯಂತೆ.