ಐ.ಪಿ. ಅರ್ಜಿ: ಎಲ್ಲಕ್ಕಿಂತ ಮುಖ್ಯವಾದ ಹಾಜರಿ ಕೊನೆಯದು

ವಕೀಲರನ್ನು ಇಟ್ಟುಕೊಂಡ ಮೇಲೂ ದಿವಾಳಿ ಅರ್ಜಿಗಾಗಿ ತಾವೇ ನ್ಯಾಯಾಲಯಕ್ಕೆ ಹೋಗಬೇಕೇ, ಹೋಗುವುದಾದರೆ ಎಷ್ಟು ಸಲ ಎಂದು ಕೇಳಿದ್ದೀರಿ. ಆದವಾನಿಯಲ್ಲಿ ಹತ್ತಿ ವ್ಯಾಪಾರ ಮಾಡಿ ಕೈಸುಟ್ಟುಕೊಂಡು ಐ.ಪಿ. (ಇನ್ಸಾಲ್ವೆನ್ಸಿ ಪಿಟಿಶನ್, ಅಂದರೆ ದಿವಾಳಿ ಅರ್ಜಿ) ಹಾಕಲು ಹೊರಟಾಗ ನಾನೂ ಇದನ್ನೇ ಕೇಳಿದ್ದೆ. ವಾಯಿದೆಗಳನ್ನು ತಾವು ನೋಡಿಕೊಳ್ಳುವುದಾಗಿ ವಕೀಲರು ಹೇಳಿದರು. ಬಹುಮಟ್ಟಿಗೆ ನಡೆದದ್ದೂ ಹಾಗೆಯೇ.

ಆದರೆ ವಿಚಾರಣೆಯ ದಿನ ವಕೀಲರು ನಿಮ್ಮ ಬದಲು ಕಟಕಟೆ ಹತ್ತಲಾರರು. 2016ರ ದಿವಾಳಿ ಸಂಹಿತೆಯಲ್ಲಿ ನಮ್ಮಂಥ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ ಇನ್ನೂ ಜಾರಿಗೆ ಬಂದಿಲ್ಲವಾದ್ದರಿಂದ ಇಲ್ಲಿ ನಡೆಯುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. 500 ರೂಪಾಯಿ ಸಾಲವಿದ್ದರೂ ಅರ್ಜಿ ಹಾಕಬಹುದು ಎನ್ನುವಷ್ಟು ಹಳೆಯ ಕಾಲದ್ದು ಅದು. ಅದರಂತೆ ನಿಮ್ಮ ನಡತೆ, ವ್ಯವಹಾರ, ಆಸ್ತಿಗಳ ಬಗೆಗೆ, ಬಂದು ಕುಳಿತಿರುವ ಸಾಲ ಕೊಟ್ಟವರ ಎದುರಿನಲ್ಲಿಯೇ ವಿಚಾರಣೆಯಾಗುತ್ತದೆ. ಮಂಡಿ ಸಾಹುಕಾರರೊಬ್ಬರ ವಕೀಲರು ನನ್ನನ್ನು ಹೊಲದ ಪಹಣಿಯಿಂದ ಹೆಂಡತಿಯ ಬಳೆಯವರೆಗೆ ಪಾಟಿಸವಾಲು ಮಾಡಿದರು. ಲೆಕ್ಕದ ಪುಸ್ತಕಗಳು ಸರಿಯಾಗಿದ್ದುದರಿಂದ ಪಾರಾದೆ, ನ್ಯಾಯಾಲಯವು ನನ್ನನ್ನು ದಿವಾಳಿಯೆಂದು ಘೋಷಿಸಿತು.

ನಾನು ಕೆಟ್ಟದ್ದು ಅಲ್ಲಿಂದ ಮುಂದೆ. ಘೋಷಣೆಯಾದೊಡನೆ ಸಾಲ ತೀರಿತೆಂದು ತಿಳಿದುಬಿಟ್ಟೆ. ಹಾಗೆ ತಿಳಿಯಲು ಕಾರಣವೂ ಇತ್ತು: ನ್ಯಾಯಾಲಯದ ಅನುಮತಿಯಿಲ್ಲದೆ ಯಾರೂ ಹೊಸ ದಾವೆ ಹೂಡುವಂತಿರಲಿಲ್ಲ, ಆಸ್ತಿಯೆಲ್ಲ ನ್ಯಾಯಾಲಯ ನೇಮಿಸಿದ ರಿಸೀವರರ ವಶಕ್ಕೆ ಹೋಗಿತ್ತು, ಮನೆ ಬಾಗಿಲಿಗೆ ಬರುವವರು ನಿಂತಿದ್ದರು. ವಾಸ್ತವದಲ್ಲಿ ಘೋಷಣೆಯಿಂದ ಒಂದು ರೂಪಾಯಿ ಸಾಲವೂ ಹೋಗುವುದಿಲ್ಲ. ಹೋಗುವುದು ಡಿಸ್ಚಾರ್ಜ್ (ಸಾಲದಿಂದ ಬಿಡುಗಡೆ) ಆದೇಶದಿಂದ, ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು, ಎಷ್ಟು ಅವಧಿಯೊಳಗೆ ಹಾಕಬೇಕೆಂಬುದು ಘೋಷಣೆಯ ಆದೇಶದಲ್ಲಿಯೇ ಬರೆದಿರುತ್ತದೆ. ನನ್ನ ಆದೇಶದಲ್ಲಿಯೂ ಬರೆದಿತ್ತು. ಇಂಗ್ಲಿಷಿನಲ್ಲಿದ್ದ ಆ ಪ್ರತಿಯನ್ನು ಯಾರಿಂದಲೂ ಓದಿಸದೆ ಬೀರುವಿನಲ್ಲಿಟ್ಟೆ. ತಕ್ಕ ಕಾರಣ ತೋರಿಸಿದರೆ ಅವಧಿ ವಿಸ್ತರಿಸಲು ಕಾಯ್ದೆಯಲ್ಲಿ ಅವಕಾಶವಿದೆ, ಕೇಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ವಕೀಲರ ಪಾಲಿಗೆ ನನ್ನ ಕಡತ ಮುಗಿದಿತ್ತು. ಗಡುವು ದಾಟಿತು, 43ನೆಯ ಕಲಮಿನಂತೆ ಘೋಷಣೆ ರದ್ದಾಯಿತು, ಸಾಹುಕಾರರೆಲ್ಲ ಮರಳಿ ಬಂದರು. ಡಿಸ್ಚಾರ್ಜ್ ಅರ್ಜಿ ಹಾಕಿ ಅದರ ವಿಚಾರಣೆಯ ದಿನ ಗೈರುಹಾಜರಾದರೂ ಇದೇ ಗತಿ. ಹೀಗೆ ರದ್ದಾದವನು ಹೊಸದಾಗಿ ಐ.ಪಿ. ಹಾಕಬೇಕಾದರೆ ರದ್ದು ಮಾಡಿದ ನ್ಯಾಯಾಲಯದ ಅನುಮತಿಯನ್ನೇ ಮೊದಲು ಪಡೆಯಬೇಕು. ಆ ಅನುಮತಿ ಬೇಡಿಕೊಳ್ಳುವುದರಲ್ಲಿ ಉಳಿದಿದ್ದ ಹಣವೂ ಕರಗಿತು.

ಆದ್ದರಿಂದ ಎಷ್ಟು ಸಲ ಹೋಗಬೇಕೆಂಬ ನಿಮ್ಮ ಪ್ರಶ್ನೆಯೇ ನನಗೆ ಸರಿಕಾಣುವುದಿಲ್ಲ. ಹಾಜರಿ ತಪ್ಪಿಸಿಕೊಳ್ಳಲು ವಕೀಲರನ್ನು ಹುಡುಕುತ್ತಿದ್ದರೆ ಅರ್ಜಿ ಹಾಕದಿರುವುದೇ ಮೇಲು. ನಿಮ್ಮ ಸಾಲದ ಬಹುಪಾಲು ಮನೆಯ ಅಡಮಾನದ್ದಾಗಿದ್ದರಂತೂ ಹಾಕಲೇಬೇಡಿ. ಅಡಮಾನ ಹಿಡಿದವರ ಹಕ್ಕನ್ನು ಈ ಕಾಯ್ದೆ ಮುಟ್ಟುವುದಿಲ್ಲ. ಸರ್ಕಾರದ ಬಾಕಿಗೆ ಡಿಸ್ಚಾರ್ಜಿನಿಂದಲೂ ಬಿಡುಗಡೆಯಿಲ್ಲ. ಹಾಕಿಯೇ ತೀರುವಿರಾದರೆ, ಶುಲ್ಕ ಮಾತನಾಡುವಾಗಲೇ ಡಿಸ್ಚಾರ್ಜ್ ಅರ್ಜಿಯೂ ಅದರಲ್ಲಿ ಸೇರಿದೆಯೇ ಎಂದು ಕೇಳಿ, ಸೇರಿದೆಯೆಂದರೆ ರಶೀದಿಯ ಮೇಲೆ ಬರೆಸಿಕೊಳ್ಳಿ.