ಸಿಗಾರ್ ಸೇದದವರಿಗೆ ಸಿಗಾರ್ ಕಾರ್ಖಾನೆಯಲ್ಲಿ ಏನಿದೆ?

ಪ್ರಶ್ನೆ: ಕ್ಯೂಬಾ ಪ್ರವಾಸಕ್ಕೆ ಹೊರಟಿದ್ದೇವೆ. ನಾನು ಸಿಗಾರ್ ಮುಟ್ಟುವವನಲ್ಲ. ಹವಾನಾದ ಕಾರ್ಖಾನೆ ನೋಡುವಂಥದ್ದಾ, ಇಲ್ಲಾ ಸುಮ್ನೆ ಅಂಗಡಿಗೆ ಕರೆದೊಯ್ಯುವ ನೆಪವಾ?

ಉತ್ತರ: ಖಂಡಿತ ನೋಡಿ. ಸೇದುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಅಲ್ಲಿ ನೋಡಬೇಕಾದ್ದು ಕೈಕೆಲಸ. ಶಾಲೆಯ ಬೆಂಚುಗಳ ಹಾಗೆ ಸಾಲಾಗಿ ಮೇಜುಗಳು. ಒಬ್ಬೊಬ್ಬರ ಮುಂದೆ ಒಂದು ಹಲಗೆ, ಸ್ವಲ್ಪ ಗೋಂದು, 'ಚಾವೆಟಾ' ಎಂಬ ಹಿಡಿಯಿಲ್ಲದ ಬಾಗಿದ ಚಾಕು. ಸಿಗಾರಿನ ಒಳಗೆ ತುಂಬುವ ತಂಬಾಕಿನ ಎಲೆಗಳನ್ನು ಮುಷ್ಟಿಯಲ್ಲಿ ಜೋಡಿಸಿ, ಇನ್ನೊಂದು ಎಲೆಯಿಂದ ಕಟ್ಟಿ, ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಆಮೇಲೆ ರೇಷ್ಮೆಯಷ್ಟು ನಯವಾದ ಹೊರ ಎಲೆಯನ್ನು ಎಳೆದು ಎಳೆದು ಸುತ್ತುತ್ತಾರೆ, ತುದಿಗೆ ಎಲೆಯದೇ ಪುಟ್ಟ ಟೋಪಿ ಅಂಟಿಸುತ್ತಾರೆ. ತುಂಬಾ ಬಿಗಿಯಾದರೆ ಹೊಗೆ ಬರುವುದಿಲ್ಲ, ಸಡಿಲವಾದರೆ ಬೇಗ ಉರಿದುಹೋಗುತ್ತದೆ. ಎಲ್ಲಾ ಬೆರಳಿನ ಅಂದಾಜು!

ನನಗೆ ಇದಕ್ಕಿಂತ ಜಾಸ್ತಿ ಇಷ್ಟ 'ಲೆಕ್ಟರ್' ಪದ್ಧತಿ. ಕೆಲಸಗಾರರಿಗೆ ಬೇಜಾರಾಗದಿರಲಿ ಅಂತ ಒಬ್ಬರು ಕೂತು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುತ್ತಾರೆ, 1865ರಿಂದ ನಡೆದುಬಂದ ರೂಢಿ ಇದು. ಓದಿದ್ದು ಹಿಡಿಸಿದರೆ ಚಪ್ಪಾಳೆ ಇಲ್ಲ, ಚಾವೆಟಾದಿಂದ ಹಲಗೆಗೆ ಟಕಟಕ ಬಡಿಯುತ್ತಾರೆ.

ಟಿಕೆಟ್ ಸಾಮಾನ್ಯವಾಗಿ ಕಾರ್ಖಾನೆ ಬಾಗಿಲಲ್ಲಿ ಸಿಗುವುದಿಲ್ಲ, ಹೋಟೆಲಿನ ಪ್ರವಾಸ ಕೌಂಟರಿನಲ್ಲಿ ಮೊದಲೇ ತಗೊಳ್ಳಿ. ಒಳಗೆ ಫೋಟೊಗೆ ಹೆಚ್ಚಾಗಿ ಬಿಡುವುದಿಲ್ಲ, ಬ್ಯಾಗೂ ಹೊರಗೇ ಇಡಬೇಕಾದೀತು. ತಂಬಾಕಿನ ವಾಸನೆ ಮಾತ್ರ ಗಾಢ, ತಲೆನೋವಿನವರು ಯೋಚಿಸಿ.

ಬೀದಿಯಲ್ಲಿ ಯಾರಾದರೂ "ನಮ್ಮಣ್ಣ ಫ್ಯಾಕ್ಟರಿಯಲ್ಲೇ ಇದ್ದಾನೆ, ಅರ್ಧ ಬೆಲೆಗೆ ಕೊಡ್ತೀನಿ" ಅಂದರೆ ನಕ್ಕು ಮುಂದೆ ಹೋಗಿ. ಅವು ಬಹುತೇಕ ನಕಲಿ. ಯಾರಿಗಾದರೂ ಉಡುಗೊರೆ ಬೇಕಿದ್ದರೆ ಸರ್ಕಾರಿ ಅಂಗಡಿಯಲ್ಲೇ ಕೊಂಡು ರಸೀದಿ ಜೋಪಾನ ಮಾಡಿ, ಕಸ್ಟಮ್ಸ್‌ನವರು ಕೇಳಬಹುದು.