ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಹುಬ್ಬಳ್ಳಿಯಲ್ಲಿ ಹೇಳಿದ್ದಾರೆ. ಆಪರೇಷನ್‌ಗೆ ಮೊದಲು ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕೇ?

ತೋರಿಸಿ. ಗ್ರಂಥಿಯೊಳಗೇ ಇರುವ ಪ್ರಾಸ್ಟೇಟ್ ಕ್ಯಾನ್ಸರ್ ಸಾಮಾನ್ಯವಾಗಿ ನಿಧಾನ ಬೆಳೆಯುತ್ತದೆ. ಎರಡು-ಮೂರು ವಾರ ತಡವಾದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಆದರೆ ಮೂತ್ರ ಕಟ್ಟಿದ್ದರೆ, ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದ್ದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಬರೀ ರಿಪೋರ್ಟ್ ತೋರಿಸಿ ಬಂದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಬಯಾಪ್ಸಿಯಲ್ಲಿ, ಅಂದರೆ ಪರೀಕ್ಷೆಗೆಂದು ಗ್ರಂಥಿಯಿಂದ ತೆಗೆದ ತುಣುಕನ್ನೇ ಮತ್ತೊಬ್ಬ ಪೆಥಾಲಜಿಸ್ಟ್ (ಲ್ಯಾಬಿನಲ್ಲಿ ತುಣುಕು ಪರೀಕ್ಷಿಸುವ ಡಾಕ್ಟರ್) ನೋಡಬೇಕು. ಯಾಕೆಂದರೆ ಗ್ಲೀಸನ್ ಸ್ಕೋರ್ ಎಂಬುದು ಜೀವಕೋಶಗಳ ಜೋಡಣೆ ಎಷ್ಟು ಕೆಟ್ಟಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಂದ ನೋಡಿ ಕೊಡುವ ದರ್ಜೆ. ಒಬ್ಬರಿಗೆ 3+4=7 ಕಂಡದ್ದು ಇನ್ನೊಬ್ಬರಿಗೆ 3+3=6 ಕಾಣಬಹುದು. 6 ಇದ್ದರೆ ಬಹಳಷ್ಟು ಮಂದಿಗೆ ಆಪರೇಷನ್ ಇಲ್ಲದೆ, ಪಿಎಸ್‌ಎ ರಕ್ತಪರೀಕ್ಷೆ, ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ ಮಾಡಿಸುತ್ತ ನಿಗಾ ಇಡಬಹುದು. ಒಟ್ಟು 7 ಆದರೂ 4+3 ಇದ್ದರೆ, ಅಂದರೆ ಹೆಚ್ಚು ಕೆಟ್ಟ ಜೋಡಣೆಯೇ ಜಾಸ್ತಿ ಇದ್ದರೆ, ಮಾತೇ ಬೇರೆ.

ಬಯಾಪ್ಸಿ ನೋಡಿದ ಲ್ಯಾಬಿಗೆ ಅರ್ಜಿ ಕೊಟ್ಟು ಗಾಜಿನ ಸ್ಲೈಡ್, ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಎರಡನ್ನೂ ಕೇಳಿ. ಬ್ಲಾಕ್ ಮೇಲಿನ ನಂಬರ್ ರಿಪೋರ್ಟಿನ ನಂಬರಿಗೆ ತಾಳೆಯಾಗುತ್ತದೆಯೇ ಅಲ್ಲೇ ನೋಡಿಕೊಳ್ಳಿ. ಗದಗ, ಹಾವೇರಿ ಕಡೆಯಿಂದ ಬೇಸಿಗೆಯಲ್ಲಿ ಬರುವವರು ಅದನ್ನು ಕಾರಿನ ಮುಂದಿನ ಗಾಜಿನ ಹತ್ತಿರ ಬಿಸಿಲಿಗೆ ಇಡಬೇಡಿ. ಮೇಣ ಮೆತ್ತಗಾದರೆ ತುಣುಕು ಹಾಳಾಗಬಹುದು. ಎಂಆರ್‌ಐ ಫಿಲ್ಮ್ ಸಾಲದು, ಸಿಡಿಯೂ ಬೇಕು. ಹಳೆಯ ಪಿಎಸ್‌ಎ ರಿಪೋರ್ಟುಗಳನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ.

ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗಾಗಲಿ, ಬೆಂಗಳೂರಿನ ಕಿದ್ವಾಯಿಗಾಗಲಿ ಹೋದಾಗ ಆಪರೇಷನ್ ಮಾಡುವ ಡಾಕ್ಟರ್ ಒಬ್ಬರನ್ನೇ ಕಂಡು ಬರಬೇಡಿ, ರೇಡಿಯೇಷನ್ ಡಾಕ್ಟರನ್ನೂ ಕಾಣಿ. "ಸದ್ಯಕ್ಕೆ ನಿಗಾ ಇಟ್ಟರೆ ಸಾಕೇ? ಆಪರೇಷನ್ ಆದಮೇಲೆ ಮೂತ್ರದ ಹಿಡಿತ ಹೇಗಿರುತ್ತದೆ?" ಎಂದು ಇಬ್ಬರನ್ನೂ ಕೇಳಿ. ಮೊದಲಿನ ಡಾಕ್ಟರು ಬೇಸರ ಮಾಡಿಕೊಂಡಾರು ಎಂಬ ಸಂಕೋಚ ಬೇಡವೇ ಬೇಡ.